ಹಿಟ್ಟು ತಿಗಣೆಯ ಮೈಯಲ್ಲಿ ಒಂದು ತೂತು

ಪಪ್ಪಾಯಿ ಎಲೆಯನ್ನು ಮಗುಚಿ ಹಿಡಿದರೆ ನರಗಳ ಉದ್ದಕ್ಕೂ ಅಕ್ಕಿಹಿಟ್ಟು ಉದುರಿಸಿದ ಹಾಗೆ ಕಾಣುತ್ತದಲ್ಲ, ಅದು ಹಿಟ್ಟು ತಿಗಣೆ. ಅಷ್ಟು ನೋಡಿ ನಾವು ಮುಖ ಸಿಂಡರಿಸಿ ಎಲೆ ಬಿಟ್ಟುಬಿಡುತ್ತೇವೆ. ಇನ್ನೊಂದೆರಡು ನಿಮಿಷ ನೋಡಿ. ಆ ಬಿಳಿ ಗುಂಪಿನ ನಡುವೆ ಅಲ್ಲೊಂದು ಇಲ್ಲೊಂದು ತಿಗಣೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಉಬ್ಬಿ, ಒಣಗಿ, ಗಟ್ಟಿಯಾಗಿ ಕೂತಿರುತ್ತದೆ. ಅಕ್ಕಿಯ ನಡುವೆ ಉಳಿದುಹೋದ ಭತ್ತದ ಕಾಳಿನ ಹಾಗೆ. ಭೂತಗನ್ನಡಿ ಹಿಡಿದರೆ ಕೆಲವದರ ಒಂದು ತುದಿಯಲ್ಲಿ ದುಂಡಗಿನ ಸಣ್ಣ ತೂತು ಕಾಣುತ್ತದೆ. ಒಳಗೆ ಏನೂ ಇಲ್ಲ, ಬರೀ ಸಿಪ್ಪೆ. ಒಳಗಿದ್ದದ್ದು ಬಾಗಿಲು ಕೊರೆದುಕೊಂಡು ಹೊರಟುಹೋಗಿದೆ.

ಹೋದದ್ದು ಒಂದು ಕಣಜ. ಕಣಜ ಅಂದ ಕೂಡಲೇ ಸೂರಿನ ಕೆಳಗೆ ಗೂಡು ಕಟ್ಟಿ, ಹತ್ತಿರ ಹೋದವರ ಮುಖ ಊದಿಸುವ ಹುಳು ನೆನಪಾಗುತ್ತದೆ. ಇದು ಅದರ ದೂರದ ನೆಂಟ. ಉದ್ದ ಒಂದು ಮಿಲಿಮೀಟರಿಗಿಂತ ಕಡಿಮೆ. ಪಕ್ಕದಲ್ಲಿ ರಾಗಿ ಕಾಳು ಇಟ್ಟರೆ ಕಾಳೇ ದೊಡ್ಡದು. ನಮ್ಮನ್ನು ಕಚ್ಚಲು ಇದರ ಕೈಲಾಗುವುದಿಲ್ಲ. ಇದಕ್ಕೂ ಹಿಂಬದಿಯಲ್ಲಿ ಸೂಜಿ ಇದೆ ನಿಜ. ಆದರೆ ಅದು ಇರುವುದು ಮೊಟ್ಟೆ ಇಡಲಿಕ್ಕೆ. ಆ ಮೊಟ್ಟೆಗೆ ಜಾಗ ತಿಗಣೆಯ ಮೈಯೊಳಗೆ.

ಹೇನು, ಉಣ್ಣೆ, ಜಂತುಹುಳು ಇವೆಲ್ಲ ಇನ್ನೊಂದು ಜೀವದ ಮೇಲೆ ಬದುಕುತ್ತವೆ, ಸಾಮಾನ್ಯವಾಗಿ ಅದನ್ನು ಕೊಲ್ಲುವುದಿಲ್ಲ. ಈ ಕಣಜದ ಮರಿ ಹಾಗಲ್ಲ. ಒಂದೇ ತಿಗಣೆಯನ್ನು ಒಳಗಿಂದ ತಿಂದು ಮುಗಿಸಿ, ಕೊಂದೇ ಹೊರಗೆ ಬರುತ್ತದೆ. ಕೃಷಿ ವಿಜ್ಞಾನದವರು ಇಂಥವನ್ನು ಪರತಂತ್ರ ಜೀವಿ ಅನ್ನುತ್ತಾರೆ. ದೊಡ್ಡದಾದ ಮೇಲೆ ಅದಕ್ಕೆ ಹೂವಿನ ಮಕರಂದ, ತಿಗಣೆ ಬಿಡುವ ಸಿಹಿ ಅಂಟು ಇಂಥದ್ದು ಸಾಕು.

ಈ ಕಣಜದ ಬದುಕು ಅರ್ಥವಾಗಬೇಕಾದರೆ ಮೊದಲು ತಿಗಣೆಯ ಬದುಕು ತಿಳಿಯಬೇಕು. ಹಿಟ್ಟು ತಿಗಣೆ ಶಲ್ಕ ಕೀಟಗಳ ದೊಡ್ಡ ಬಳಗಕ್ಕೆ ಸೇರಿದ್ದು. ಜಗತ್ತಿನಲ್ಲಿ ಈ ಬಳಗದ ಸುಮಾರು 8,000 ಜಾತಿಗಳಿವೆ. ಕಾಫಿ ಗಿಡದ ಹಸಿರು ಶಲ್ಕ ಕೀಟ, ಕಬ್ಬಿನ ಗೆಣ್ಣಿಗೆ ಬೂದು ಹುರುಪೆಯ ಹಾಗೆ ಅಂಟುವ ಶಲ್ಕ ಕೀಟ, ಎಲ್ಲ ಒಂದೇ ಕುಲ. ಮೊಟ್ಟೆಯಿಂದ ಬಂದ ಮರಿಗೆ ಕಾಲಿರುತ್ತದೆ, ಅದು ತೆವಳಿಕೊಂಡು ಒಳ್ಳೆ ಜಾಗ ಹುಡುಕುತ್ತದೆ. ಗಾಳಿಗೆ ಹಾರಿ ಪಕ್ಕದ ತೋಟಕ್ಕೂ ಹೋಗುತ್ತದೆ. ಜಾಗ ಸಿಕ್ಕಿದ ಮೇಲೆ ಕೂದಲಿಗಿಂತ ತೆಳ್ಳಗಿನ ಕೊಳವೆ ಬಾಯಿಯನ್ನು ಗಿಡದೊಳಗೆ ಇಳಿಸಿ ರಸ ಹೀರಲು ಕೂರುತ್ತದೆ. ಚಿಪ್ಪಿನ ಶಲ್ಕ ಕೀಟದ ಹೆಣ್ಣಾದರೆ ಕಾಲನ್ನೇ ಕಳೆದುಕೊಳ್ಳುತ್ತದೆ, ಮತ್ತೆ ಅಲ್ಲಿಂದ ಏಳುವುದಿಲ್ಲ. ಗಂಡಿಗೆ ರೆಕ್ಕೆ ಬರುತ್ತದೆ, ಆದರೆ ಬಾಯಿ ಇರುವುದಿಲ್ಲ. ಹೆಣ್ಣನ್ನು ಹುಡುಕಿ ಕೂಡಿ, ಒಂದೆರಡು ದಿನದಲ್ಲಿ ಸಾಯುತ್ತದೆ.

ಓಡಿಹೋಗಲಾರದ ಜೀವಕ್ಕೆ ರಕ್ಷಣೆ ಬೇಕಲ್ಲ. ಅದಕ್ಕೇ ಮೈಮೇಲೆ ಮೇಣ. ಹಿಟ್ಟು ತಿಗಣೆಗೆ ಪುಡಿ ಮೇಣ. ಇನ್ನು ಕೆಲವು ಜಾತಿಗಳು ತಾವು ಕಳಚಿದ ಚರ್ಮವನ್ನೇ ಮೇಣದ ಜೊತೆ ಸೇರಿಸಿ ಗುರಾಣಿಯಂಥ ಚಿಪ್ಪು ಕಟ್ಟಿಕೊಳ್ಳುತ್ತವೆ. ಔಷಧಿ ಹೊಡೆದರೆ ಮೇಣದ ಮೇಲಿಂದ ಹನಿ ಜಾರಿಹೋಗುತ್ತದೆ, ಕೆಸುವಿನ ಎಲೆ ಮೇಲಿನ ನೀರಿನ ಹಾಗೆ. ಎಷ್ಟು ಸಲ ಹೊಡೆದರೂ ಹಿಟ್ಟು ತಿಗಣೆ ಹೋಗಲೊಲ್ಲದು ಅಂತ ರೈತರು ಹೇಳುವುದು ಸುಮ್ನೆ ಅಲ್ಲ.

ಕಣಜಕ್ಕೆ ಮಾತ್ರ ಈ ಕೋಟೆ ಅಡ್ಡಿಯಲ್ಲ. ಅದು ಬೇಟೆಯಾಡುವ ರೀತಿಯನ್ನು ವಿಜ್ಞಾನಿಗಳು ತುಂಬ ಹತ್ತಿರದಿಂದ ನೋಡಿದ್ದು ಅಫೈಟಿಸ್ ಎಂಬ ಹಳದಿ ಕಣಜದಲ್ಲಿ. ಇದು ಕಿತ್ತಳೆ, ನಿಂಬೆ ಗಿಡಗಳ ಕೆಂಪು ಶಲ್ಕ ಕೀಟದ ಶತ್ರು. ಚಿಪ್ಪು ಸಿಕ್ಕಿದ ಕೂಡಲೇ ಅದರ ಮೇಲೆ ಹತ್ತುತ್ತದೆ. ಎರಡೂ ಕುಡಿಮೀಸೆಗಳಿಂದ ಟಪಟಪ ಬಡಿಯುತ್ತ ನಡುವಿನಿಂದ ಅಂಚಿಗೆ ಹೋಗುತ್ತದೆ. ತಿರುಗುತ್ತದೆ, ಮತ್ತೆ ನಡುವಿಗೆ ಬರುತ್ತದೆ, ಇನ್ನೊಂದು ಅಂಚಿಗೆ ಹೋಗುತ್ತದೆ. ಸಂತೆಯಲ್ಲಿ ಕಲ್ಲಂಗಡಿ ಬಡಿದು ನೋಡುವವರ ಹಾಗೆ. ಇಷ್ಟರಲ್ಲಿ ಚಿಪ್ಪಿನ ಅಳತೆ ಅದಕ್ಕೆ ಸಿಕ್ಕಿರುತ್ತದೆ. ಆಮೇಲೆ ಹಿಂಬದಿಯ ಸೂಜಿಯಿಂದ ಚಿಪ್ಪನ್ನು ಕೊರೆದು, ಕೆಳಗಿನ ಕೀಟದ ಮೈಮೇಲೆ ಮೊಟ್ಟೆ ಇಡುತ್ತದೆ.

ಕೆಲವು ಸಲ ಮೊಟ್ಟೆ ಇಡುವುದೇ ಇಲ್ಲ. ಚುಚ್ಚಿ, ಗಾಯದಿಂದ ಒಸರುವ ರಸವನ್ನು ಕುಡಿಯುತ್ತದೆ. ಹೊಟ್ಟೆಯಲ್ಲಿ ಹೊಸ ಮೊಟ್ಟೆ ಬಲಿಯಲು ಅದಕ್ಕೆ ಈ ಪೌಷ್ಟಿಕ ಬೇಕು. ಹೀಗೆ ಕುಡಿಸಿಕೊಂಡ ಕೀಟವೂ ಸಾಯುತ್ತದೆ. ಸಣ್ಣದಾದ, ಮೊಟ್ಟೆಗೆ ಸಾಲದ ಕೀಟ ಹೆಚ್ಚಾಗಿ ಊಟಕ್ಕೆ ಹೋಗುತ್ತದೆ, ದೊಡ್ಡದು ಮಕ್ಕಳಿಗೆ.

ಅಳತೆ ಯಾಕೆ ಅಷ್ಟು ಮುಖ್ಯ? ಈ ವಿಷಯದಲ್ಲಿ ನನಗೆ ಅತಿ ಅಚ್ಚರಿ ಅನಿಸುವ ಸಂಗತಿ ಇದೇ. ಜೇನುಹುಳುವಿನ ಹಾಗೆ ಈ ಕಣಜಗಳಲ್ಲೂ ತಾಯಿಯೇ ಮಗುವಿನ ಲಿಂಗವನ್ನು ತೀರ್ಮಾನಿಸುತ್ತದೆ. ಗಂಡಿನಿಂದ ಪಡೆದ ವೀರ್ಯ ಅದರ ಹೊಟ್ಟೆಯೊಳಗೆ ಒಂದು ಚೀಲದಲ್ಲಿ ಇರುತ್ತದೆ. ಮೊಟ್ಟೆ ಇಳಿಯುವಾಗ ವೀರ್ಯ ಸೇರಿಸಿದರೆ ಹೆಣ್ಣು, ಸೇರಿಸದೆ ಬಿಟ್ಟರೆ ಗಂಡು. ಒಂದು ಮರಿಗೆ ಸಿಗುವುದು ಒಂದೇ ತಿಗಣೆ. ತಿಗಣೆ ಸಣ್ಣದಾದರೆ ಅದನ್ನು ತಿಂದು ಬೆಳೆದ ಕಣಜವೂ ಸಣ್ಣದು. ಸಣ್ಣ ಗಂಡು ಹೇಗೋ ಬದುಕುತ್ತದೆ. ಸಣ್ಣ ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆ ಕಡಿಮೆ. ಹಾಗಾಗಿ ತಾಯಿ ದೊಡ್ಡ ಕೀಟದಲ್ಲಿ ಹೆಣ್ಣು ಮೊಟ್ಟೆ ಇಡುತ್ತದೆ, ಸಣ್ಣದರಲ್ಲಿ ಗಂಡು ಮೊಟ್ಟೆ. ಕುಡಿಮೀಸೆಯ ಟಪಟಪ ಇರುವುದು ಈ ಲೆಕ್ಕಕ್ಕೆ.

ಈ ಒಂದು ಲೆಕ್ಕ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳ ಕಥೆಯನ್ನೇ ಬದಲಿಸಿತು. ಅಲ್ಲಿ ಕೆಂಪು ಶಲ್ಕ ಕೀಟಕ್ಕೆ ಮದ್ದಾಗಿ 1940ರ ದಶಕದ ಕೊನೆಯಲ್ಲಿ ಚೀನಾದಿಂದ ಅಫೈಟಿಸ್ ಲಿಂಗ್ನಾನೆನ್ಸಿಸ್ ಎಂಬ ಕಣಜವನ್ನು ತಂದು ಬಿಟ್ಟಿದ್ದರು. 1956–57ರಲ್ಲಿ ಕೀಟವಿಜ್ಞಾನಿ ಪಾಲ್ ಡಿಬಾಕ್ ಅವರ ತಂಡ ಭಾರತ ಮತ್ತು ಪಾಕಿಸ್ತಾನದಿಂದ ಇನ್ನೊಂದು ಕಣಜ ತಂದಿತು. ಅದಕ್ಕೆ ಅಫೈಟಿಸ್ ಮೆಲಿನಸ್ ಎಂದು ಹೆಸರಿಟ್ಟರು. ನಮ್ಮ ಕಡೆಯ ಈ ಕಣಜ ಕೆಲವೇ ವರ್ಷಗಳಲ್ಲಿ ಒಳನಾಡಿನ ತೋಟಗಳಿಂದ ಚೀನಾದ ಕಣಜವನ್ನು ಹೊರಗೆ ತಳ್ಳಿತು. ಜಗಳವಾಡಿ ಅಲ್ಲ. ಮೆಲಿನಸ್ ಸ್ವಲ್ಪ ಸಣ್ಣ ಶಲ್ಕ ಕೀಟದಲ್ಲೂ ಹೆಣ್ಣು ಮೊಟ್ಟೆ ಇಡುತ್ತದೆ. ಚೀನಾದ್ದಕ್ಕೆ ಹೆಣ್ಣು ಮಗು ಬೇಕಾದರೆ ಇನ್ನೂ ದೊಡ್ಡ ಕೀಟ ಬೇಕು. ಕೀಟ ಆ ಗಾತ್ರಕ್ಕೆ ಬೆಳೆಯುವ ಮೊದಲೇ ಮೆಲಿನಸ್ ಅದನ್ನು ಬಳಸಿ ಮುಗಿಸಿರುತ್ತದೆ. ಎದುರಾಳಿಗೆ ಗಂಡು ಮಕ್ಕಳಷ್ಟೇ ಉಳಿದರೆ ವಂಶ ಹೇಗೆ ಮುಂದುವರಿದೀತು? ಈ ಗುಟ್ಟು ಬಿಡಿಸಿದ ಅಧ್ಯಯನ ಹೊರಬಂದದ್ದು 1985ರಲ್ಲಿ, ಕಣಜ ಬಿಟ್ಟು ಸುಮಾರು 30 ವರ್ಷ ಆದ ಮೇಲೆ.

ಅಫೈಟಿಸ್ ಮರಿ ಚಿಪ್ಪಿನ ಕೆಳಗೆ, ಕೀಟದ ಮೈಮೇಲೆ ಕೂತು ತಿನ್ನುತ್ತದೆ. ಹಿಟ್ಟು ತಿಗಣೆಯ ಕಣಜಗಳದ್ದು ಬೇರೆ ಕುಟುಂಬ. ಇವುಗಳ ಮರಿ ತಿಗಣೆಯ ಒಳಗೇ ಬೆಳೆಯುತ್ತದೆ. ಒಳಗೆ ಅಂದರೆ ತಿಗಣೆಯ ರಕ್ತದಲ್ಲಿ ಮುಳುಗಿಕೊಂಡು. ಹಾಗಾದರೆ ಉಸಿರು? ಈ ಕುಟುಂಬದ ಹಲವು ಜಾತಿಗಳ ಮೊಟ್ಟೆಗೆ ಒಂದು ತೊಟ್ಟು ಇರುತ್ತದೆ. ತಾಯಿ ಮೊಟ್ಟೆ ಇಟ್ಟು ಸೂಜಿ ಎಳೆದುಕೊಂಡಾಗ ತೊಟ್ಟಿನ ತುದಿ ತಿಗಣೆಯ ಚರ್ಮದಿಂದ ಹೊರಗೆ ಚಾಚಿಕೊಂಡಿರುತ್ತದೆ. ಮರಿ ಮೊಟ್ಟೆಯೊಡೆದ ಮೇಲೂ ತನ್ನ ಹಿಂಬದಿಯನ್ನು ಆ ತೊಟ್ಟಿಗೆ ಅಂಟಿಸಿಕೊಂಡೇ ಇದ್ದು ಅದರ ಮೂಲಕ ಹೊರಗಿನ ಗಾಳಿ ಪಡೆಯುತ್ತದೆ. ಕೊಳದಲ್ಲಿ ಮುಳುಗಿ ತಾವರೆಯ ದಂಟಿನಿಂದ ಉಸಿರಾಡಿದ ಹಾಗೆ.

ತಿಗಣೆಯೂ ಸುಮ್ಮನೆ ಕೂರುವುದಿಲ್ಲ. ಮೈಯೊಳಗೆ ಪರಕೀಯ ವಸ್ತು ಬಂತು ಅಂತ ಗೊತ್ತಾದರೆ ಅದರ ರಕ್ತಕಣಗಳು ಮೊಟ್ಟೆಯ ಸುತ್ತ ಮುತ್ತಿಕೊಳ್ಳುತ್ತವೆ. ಪದರದ ಮೇಲೆ ಪದರ ಕಟ್ಟಿ, ಕಪ್ಪು ಗಂಟು ಮಾಡಿ, ಒಳಗಿನ ಮರಿಯನ್ನು ಉಸಿರುಗಟ್ಟಿಸುತ್ತವೆ. ಒಂದು ಜಾತಿಯ ಕಣಜ ಎಲ್ಲ ತಿಗಣೆಗಳ ಮೇಲೂ ಯಾಕೆ ಬದುಕಲಾರದು ಅನ್ನುವುದಕ್ಕೆ ಇದೂ ಒಂದು ಕಾರಣ. ತಲತಲಾಂತರದಿಂದ ಜೊತೆಯಲ್ಲೇ ಬಂದ ಕಣಜಕ್ಕಷ್ಟೇ ಆ ತಿಗಣೆಯ ಕಾವಲು ದಾಟುವ ದಾರಿ ಗೊತ್ತಿರುತ್ತದೆ.

ಇನ್ನೂ ವಿಚಿತ್ರ ಬದುಕಿನವೂ ಇವೆ. ಕೊಕ್ಕೋಫೇಗಸ್ ಮತ್ತು ಎನ್ಕಾರ್ಸಿಯಾ ಎಂಬ ಗುಂಪಿನ ಹಲವು ಕಣಜಗಳಲ್ಲಿ ಹೆಣ್ಣು ಮರಿ ಬೆಳೆಯುವುದು ತಿಗಣೆ ಅಥವಾ ಬಿಳಿ ನೊಣದಂಥ ಕೀಟದಲ್ಲಿ. ಗಂಡು ಮರಿ ಬೆಳೆಯುವುದು ಇನ್ನೊಂದು ಕಣಜದ ಮರಿಯನ್ನು ತಿಂದು. ಎಷ್ಟೋ ಸಲ ಅದು ತನ್ನದೇ ಜಾತಿಯ ಹೆಣ್ಣು ಮರಿ. ಅಂದರೆ ತಾಯಿ ಗಂಡು ಮೊಟ್ಟೆ ಇಡಬೇಕಾದರೆ ಮೊದಲೇ ಕಣಜದ ಮರಿ ಇರುವ ತಿಗಣೆಯನ್ನು ಹುಡುಕಬೇಕು. 1930ರ ದಶಕದಲ್ಲಿ ಇದನ್ನು ಬಿಡಿಸಿ ಹೇಳುವವರೆಗೆ, ಇಂಥ ಕಣಜಗಳನ್ನು ಸಾಕಲು ಹೋದವರಿಗೆ ಗಂಡುಗಳೇ ಸಿಗದೆ ತಲೆ ಕೆಟ್ಟಿತ್ತು.

ಈಗ ಮತ್ತೆ ನಮ್ಮ ಪಪ್ಪಾಯಿ ಎಲೆಗೆ ಬರೋಣ.

ಪಪ್ಪಾಯಿ ಹಿಟ್ಟು ತಿಗಣೆಯ ತವರು ಮೆಕ್ಸಿಕೋ ಮತ್ತು ಅದರ ನೆರೆಹೊರೆ. ಅಲ್ಲಿ ಅದು ದೊಡ್ಡ ಪೀಡೆಯೇ ಅಲ್ಲ, ಅದನ್ನು ತಿನ್ನುವವರು ಅಲ್ಲೇ ಇದ್ದಾರೆ. ಅದಕ್ಕೆ ವಿಜ್ಞಾನದ ಹೆಸರು ಸಿಕ್ಕಿದ್ದೂ 1992ರಲ್ಲಿ. ಆಮೇಲೆ ಅದು ಕೆರಿಬಿಯನ್ ದ್ವೀಪಗಳಿಗೆ, ಫ್ಲೋರಿಡಾಕ್ಕೆ, ಪೆಸಿಫಿಕ್ ದ್ವೀಪಗಳಿಗೆ ಹಬ್ಬಿತು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡಿತು. ಶತ್ರುಗಳನ್ನು ತವರಿನಲ್ಲೇ ಬಿಟ್ಟು ಒಂದೇ ಬಂದಿತ್ತು. ಪಪ್ಪಾಯಿ, ಮರಗೆಣಸು, ಹತ್ತಿ, ಬದನೆ, ದಾಸವಾಳ, ಯಾವುದನ್ನೂ ಬಿಡಲಿಲ್ಲ. ರಸ್ತೆ ಬದಿಯ ಕಾಂಗ್ರೆಸ್ ಗಿಡದ ಮೇಲೂ ಬದುಕುತ್ತಿತ್ತು. ಅಂದ ಮೇಲೆ ತೋಟದಲ್ಲಿ ಔಷಧಿ ಹೊಡೆದು ಏನು ಪ್ರಯೋಜನ? ಬೇಲಿಯಾಚೆಯಿಂದ ಮತ್ತೆ ಬರುತ್ತಿತ್ತು.

ಕರ್ನಾಟಕಕ್ಕೆ ಬಂದಾಗ ದೊಡ್ಡ ಹೊಡೆತ ಬಿದ್ದದ್ದು ಹಿಪ್ಪುನೇರಳೆಗೆ. ಹಿಪ್ಪುನೇರಳೆಯಲ್ಲಿ ಕುಡಿ ಮುದುರಿಸುವ ಟುಕ್ರಾ ನಮ್ಮ ರೇಷ್ಮೆ ರೈತರಿಗೆ ಹಳೇ ಪರಿಚಯ. ಅದೂ ಒಂದು ಹಿಟ್ಟು ತಿಗಣೆಯ ಕೆಲಸವೇ. ಇದು ಅದಕ್ಕಿಂತ ಜೋರು. ಇಲ್ಲಿ ಇರುವ ಇಕ್ಕಟ್ಟನ್ನು ರೇಷ್ಮೆ ಮನೆಯವರಿಗೆ ಹೇಳಬೇಕಾಗಿಲ್ಲ. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳು ಸೊಪ್ಪು ಹಾಕಿದಷ್ಟೂ ತಿನ್ನುತ್ತದೆ, ಮಳೆ ಬಂದ ಹಾಗೆ ಸದ್ದು ಮಾಡಿಕೊಂಡು. ಆ ವಾರ ಸೊಪ್ಪು ಇಲ್ಲ ಅಂದರೆ ಬೆಳೆ ಇಲ್ಲ. ಔಷಧಿ ಹೊಡೆದ ಸೊಪ್ಪು ಕೊಟ್ಟರೆ ಹುಳುವೇ ಇಲ್ಲ. ರೇಷ್ಮೆ ಹುಳುವೂ ಕೀಟ ತಾನೇ? ತಿಗಣೆಯನ್ನು ಕೊಲ್ಲುವ ವಿಷ ಅದನ್ನು ಬಿಟ್ಟೀತೇ?

ಇಂಥ ಹೊತ್ತಿಗೆ ಬೇಕಾಗಿದ್ದದ್ದು ತಿಗಣೆಯನ್ನು ಮಾತ್ರ ಗುರುತಿಸಿ, ಉಳಿದದ್ದನ್ನು ಮುಟ್ಟದ ಏನೋ ಒಂದು. ಅದು ಆಗಲೇ ಸಿದ್ಧವಾಗಿತ್ತು. ಅಮೆರಿಕದ ಕೃಷಿ ಇಲಾಖೆಯವರು 1999ರಲ್ಲಿ ಮೆಕ್ಸಿಕೋದಲ್ಲಿ ಹುಡುಕಿ ಈ ತಿಗಣೆಯ ಕಣಜಗಳನ್ನು ತಂದು ಪ್ಯೂರ್ಟೊ ರಿಕೊದಲ್ಲಿ ಸಾಕುತ್ತಿದ್ದರು. ಅದರಲ್ಲಿ ಒಂದಕ್ಕೆ 2003ರಲ್ಲಿ ಅಸೆರೋಫೇಗಸ್ ಪಪಾಯೆ ಎಂಬ ಹೆಸರು ಬಂತು. 2010ರಲ್ಲಿ ಅಲ್ಲಿಂದ ಮೂರು ಜಾತಿಯ ಕಣಜಗಳು ಬೆಂಗಳೂರಿಗೆ ಬಂದವು. ತರಿಸಿದ್ದು ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎಂದು ಕರೆಯುವ ಸಂಸ್ಥೆ. ಬಂದ ಕೂಡಲೇ ಹೊರಗೆ ಬಿಡಲಿಲ್ಲ. ಮುಚ್ಚಿದ ಕೋಣೆಗಳಲ್ಲಿ ಇಟ್ಟು ಪರೀಕ್ಷೆ ಮಾಡಿದರು. ಬೇಡದ ಕೀಟ ಜೊತೆಯಲ್ಲಿ ಬಂದಿದೆಯೇ, ಬೇರೆ ಕೀಟಗಳ ಮೇಲೆ ಬೀಳುತ್ತದೆಯೇ ಎಂದು ನೋಡಿದ ಮೇಲೆ ಅಕ್ಟೋಬರ್‌ನಿಂದ ತಮಿಳುನಾಡಿನಲ್ಲಿ, ಆಮೇಲೆ ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಬಿಟ್ಟರು.

ಸಣ್ಣ ಅಸೆರೋಫೇಗಸ್ ಕೆಲಸ ಗೆದ್ದಿತು. ಇದು ಎಳೆಯ ತಿಗಣೆಯಲ್ಲೇ ಮೊಟ್ಟೆ ಇಡಬಲ್ಲದು, ಹಾಗಾಗಿ ತಿಗಣೆ ದೊಡ್ಡದಾಗಿ ನೂರಾರು ಮೊಟ್ಟೆ ಇಡುವ ಮೊದಲೇ ಅದರ ಕಥೆ ಮುಗಿಯುತ್ತದೆ. ಮೊಟ್ಟೆಯಿಂದ ರೆಕ್ಕೆಯ ಕಣಜ ಆಗಲು ಸುಮಾರು ಎರಡು ವಾರ ಸಾಕು. ಕೆಲವೇ ತಿಂಗಳಲ್ಲಿ ಬಿಟ್ಟ ಕಡೆಗಳಲ್ಲಿ ತಿಗಣೆ ಇಳಿಯಿತು. ಪೂರ್ತಿ ಹೋಗಲಿಲ್ಲ, ಹೋಗುವುದೂ ಇಲ್ಲ. ತಿಗಣೆ ಸಂಪೂರ್ಣ ಹೋದರೆ ಕಣಜಕ್ಕೆ ಎಲ್ಲಿಯ ಊಟ? ಸ್ವಲ್ಪ ತಿಗಣೆ, ಸ್ವಲ್ಪ ಕಣಜ, ಹೀಗೆ ಎರಡೂ ಉಳಿದುಕೊಂಡು ಬಂದಿವೆ. ಈಗ ನಿಮ್ಮ ಹಿತ್ತಲ ಪಪ್ಪಾಯಿಯಲ್ಲಿ ಕಾಣುವ ತೂತುಗಳು ಬಹುಮಟ್ಟಿಗೆ ಆ ವರ್ಷ ಬಂದ ಕಣಜಗಳ ಸಂತತಿಯವು.

ಆಫ್ರಿಕಾದಲ್ಲೂ ಇದಕ್ಕೆ ಮೊದಲೇ ಹೀಗೇ ಆಗಿತ್ತು. ಅಲ್ಲಿನ ಕೋಟ್ಯಂತರ ಜನರ ದಿನದ ಊಟವಾದ ಮರಗೆಣಸಿಗೆ ಹಿಟ್ಟು ತಿಗಣೆ ಬಿದ್ದಾಗ, ಪರಾಗ್ವೆಯಲ್ಲಿ ಸಿಕ್ಕಿದ ಅನಗೈರಸ್ ಲೋಪೆಜಿ ಎಂಬ ಕಣಜವನ್ನು 1981ರಲ್ಲಿ ನೈಜೀರಿಯಾದಲ್ಲಿ ಮೊದಲು ಬಿಟ್ಟರು. ಆ ಕೆಲಸ ನಡೆಸಿದ ಹಾನ್ಸ್ ಹೆರೆನ್ ಅವರಿಗೆ 1995ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಅದೇ ಮರಗೆಣಸಿನ ತಿಗಣೆ 2020ರಲ್ಲಿ ಕೇರಳದ ತ್ರಿಶ್ಶೂರಿನಲ್ಲಿ ಸಿಕ್ಕಿತು. ಅದೇ ಕಣಜವನ್ನು ಆಫ್ರಿಕಾದ ಬೆನಿನ್ ದೇಶದಿಂದ ಇಲ್ಲಿಗೆ ತರಿಸಿದರು.

ಇಷ್ಟು ಕೆಲಸದ ಕಣಜ ಇದ್ದೂ ಕೆಲವು ತೋಟಗಳಲ್ಲಿ ತಿಗಣೆ ಯಾಕೆ ಹೆಚ್ಚುತ್ತದೆ? ಇದು ಮನಸ್ಸಿಗೆ ಬೇಸರ ತರುವ ಭಾಗ. ಔಷಧಿ ಹೊಡೆದಾಗ ಮೇಣದ ಕೆಳಗಿನ ತಿಗಣೆ ಉಳಿದುಕೊಳ್ಳುತ್ತದೆ. ಎಲೆ ಮೇಲೆ ದಿನವಿಡೀ ಓಡಾಡುವ, ಮೇಣವಿಲ್ಲದ ಕಣಜ ಸಾಯುತ್ತದೆ. ಪಾಲ್ ಡಿಬಾಕ್ 1940ರ ದಶಕದಲ್ಲಿ ಇದನ್ನೇ ಪ್ರಯೋಗ ಮಾಡಿ ತೋರಿಸಿದರು. ಕಿತ್ತಳೆ ಗಿಡಗಳಿಗೆ ಬೇಕಂತಲೇ ಡಿಡಿಟಿ ಹೊಡೆಸಿದರು. ಹೊಡೆದ ಗಿಡಗಳಲ್ಲಿ ಶಲ್ಕ ಕೀಟ ಹಲವು ಪಟ್ಟು ಹೆಚ್ಚಿತು, ಹೊಡೆಯದ ಪಕ್ಕದ ಗಿಡಗಳಲ್ಲಿ ಹಾಗೇ ಕಡಿಮೆ ಉಳಿಯಿತು. ಕಣಜ ಎಷ್ಟು ಕೆಲಸ ಮಾಡುತ್ತಿತ್ತು ಅನ್ನುವುದು ಅದನ್ನು ಕೊಂದ ಮೇಲೆ ಗೊತ್ತಾಯಿತು.

ಇನ್ನೊಂದು ಅಡ್ಡಿ ಇರುವೆ. ತಿಗಣೆ ಕುಡಿದ ರಸದಲ್ಲಿ ಸಕ್ಕರೆ ಜಾಸ್ತಿ, ಮಿಕ್ಕಿದ್ದನ್ನು ಹಿಂದಿನಿಂದ ಹೊರಗೆ ಬಿಡುತ್ತದೆ. ಎಲೆಗೆ ಅಂಟುವ ಈ ಸಿಹಿಯ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಇರುವೆಗೆ ಇದು ಹಬ್ಬದೂಟ. ಅದಕ್ಕಾಗಿ ಅದು ತಿಗಣೆಗಳನ್ನು ದನ ಕಾಯ್ದ ಹಾಗೆ ಕಾಯುತ್ತದೆ, ಹತ್ತಿರ ಬಂದ ಕಣಜವನ್ನು ಅಟ್ಟುತ್ತದೆ. ಕಾಫಿ ತೋಟದಲ್ಲಿ ಹಿಟ್ಟು ತಿಗಣೆಗೆ ಮೊದಲು ಇರುವೆ ತಡೆಯಿರಿ ಅನ್ನುವ ಸಲಹೆ ಬಂದದ್ದು ಇದಕ್ಕೇ. ಗಿಡಕ್ಕೆ ಇರುವೆ ಹತ್ತದ ಹಾಗೆ ಮಾಡಿದರೆ ಅರ್ಧ ಕೆಲಸ ಕಣಜ ನೋಡಿಕೊಳ್ಳುತ್ತದೆ.

ಎಲ್ಲ ಕಡೆಯೂ ಕಣಜ ರೈತರ ಗೆಳೆಯ ಅಂತಲೂ ಅಲ್ಲ. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ ಅರಗು ಕೂಡ ಒಂದು ಶಲ್ಕ ಕೀಟ ತನ್ನ ಮೈಮೇಲೆ ಸುರಿಸಿಕೊಳ್ಳುವ ಕವಚ. ಜಾರ್ಖಂಡಿನಲ್ಲಿ ಮುತ್ತುಗ, ಕುಸುಮ ಮರಗಳ ಮೇಲೆ ಇದನ್ನು ಬೆಳೆಯುವವರಿಗೆ ಕಣಜ ಕಳ್ಳ. ನಮ್ಮ ಅಸೆರೋಫೇಗಸ್ ಕುಟುಂಬದ್ದೇ ಇನ್ನೊಂದು ಕಣಜ ಅರಗಿನ ಕೀಟದೊಳಗೆ ಮೊಟ್ಟೆ ಇಡುತ್ತದೆ. ಹಾಗಾಗಿ ಅಲ್ಲಿ ಬಿತ್ತನೆ ಅರಗಿನ ಕಡ್ಡಿಗಳನ್ನು ನೈಲಾನ್ ಬಲೆಯ ಚೀಲದಲ್ಲಿಟ್ಟು ಮರಕ್ಕೆ ಕಟ್ಟುತ್ತಾರೆ. ಅರಗಿನ ಪುಟ್ಟ ಮರಿ ಬಲೆಯ ಕಣ್ಣಿನಿಂದ ತೂರಿ ಹೊರಗೆ ಹೋಗುತ್ತದೆ, ಶತ್ರು ಕೀಟ ಒಳಗೇ ಉಳಿಯುತ್ತದೆ. ಕಣಜಕ್ಕೂ ಕಣಜದ ಕಾಟ ತಪ್ಪಿದ್ದಲ್ಲ. ಒಣಗಿದ ಪಪ್ಪಾಯಿ ತಿಗಣೆಯಿಂದ ಕೆಲವು ಸಲ ಅಸೆರೋಫೇಗಸ್ ಬದಲು ಅದನ್ನೇ ತಿಂದು ಬೆಳೆದ ಬೇರೆ ಕಣಜ ಹೊರಬರುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು, ದುಡ್ಡು ಖರ್ಚಿಲ್ಲ. ಹಿಟ್ಟು ತಿಗಣೆ ಇರುವ ಎಲೆ ಸಿಕ್ಕಿದರೆ ಕಂದು ಬಣ್ಣದ, ಉಬ್ಬಿದ, ಆದರೆ ಇನ್ನೂ ತೂತು ಬೀಳದ ತಿಗಣೆಗಳನ್ನು ಹುಡುಕಿ. ತೂತು ಬಿದ್ದಿದ್ದರೆ ಕಣಜ ಹೋಗಿಯಾಗಿದೆ, ಬಿದ್ದಿಲ್ಲದಿದ್ದರೆ ಒಳಗೇ ಇದೆ. ಆ ತುಂಡು ಎಲೆಯನ್ನು ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಎರಡು ಮಡಿಕೆ ಮಾಡಿ ರಬ್ಬರ್ ಬ್ಯಾಂಡ್ ಹಾಕಿ. ಬಿಸಿಲಿಗೆ ಇಡಬೇಡಿ. ನಾನು ಮೊದಲ ಸಲ ಹೀಗೆ ಇಟ್ಟಾಗ ಐದು ದಿನ ಏನೂ ಆಗಲಿಲ್ಲ. ಆರನೇ ದಿನ ಬೆಳಿಗ್ಗೆ ಬಾಟಲಿಯ ಬೆಳಕಿನ ಕಡೆಯಲ್ಲಿ ಏಳೆಂಟು ಚುಕ್ಕಿಗಳು ನಡೆಯುತ್ತಿದ್ದವು. ಬೆರಳು ತಂದರೆ ಚಂಗನೆ ನೆಗೆದು ಮಾಯ. ಇವುಗಳ ನಡುವಿನ ಕಾಲಿಗೆ ನೆಗೆಯುವ ಬಲ ಜಾಸ್ತಿ.

ತಿಗಣೆ ಬಂದ ಎಲೆಗಳನ್ನೆಲ್ಲ ಕಿತ್ತು ಸುಡುವ ಅಭ್ಯಾಸ ಇದ್ದವರು ಇದನ್ನು ಒಮ್ಮೆ ನೋಡಿದರೆ ಚೆನ್ನ. ಸುಡುವ ರಾಶಿಯಲ್ಲಿ ಈ ಕಂದು ಕಾಳುಗಳೂ ಇರುತ್ತವೆ. ಅವು ಹೆಚ್ಚಿರುವ ಎಲೆಯನ್ನು ಗಿಡದಲ್ಲೇ ಬಿಟ್ಟುಬಿಡಿ. ಔಷಧಿ ತರುವ ಮೊದಲು ಹತ್ತು ಎಲೆ ಮಗುಚಿ ತೂತುಗಳನ್ನು ಎಣಿಸಿ.

ಆ ಸಂಜೆ ಬಾಟಲಿಯ ಬಟ್ಟೆ ಬಿಚ್ಚಿ ಪಪ್ಪಾಯಿ ಗಿಡದ ಬುಡದಲ್ಲಿ ಇಟ್ಟೆ. ಹೆಚ್ಚಿನವು ಕಾಣದ ಹಾಗೆ ಹೋದವು. ಒಂದು ಮಾತ್ರ ಕೆಳಗಿನ ಎಲೆಗೆ ನೆಗೆದು, ನರದ ಗುಂಟ ನಡೆದು, ಬಿಳಿ ಗುಂಪಿನ ಅಂಚಿನಲ್ಲಿ ನಿಂತಿತು. ಭೂತಗನ್ನಡಿಯಲ್ಲಿ ಅದರ ಕುಡಿಮೀಸೆ ಕಾಣುತ್ತಿತ್ತು. ಒಂದು ಎಳೆಯ ತಿಗಣೆಯ ಬೆನ್ನನ್ನು ಬಡಿದು ಬಡಿದು ಅಳೆಯುತ್ತಿತ್ತು.